ಇರಲಿ ಅಂತ ಇನ್ನೊಂದು ಚಮಚ

ನೊರೆ ಮೊದಲು ಮೆಷಿನ್ ಬಾಗಿಲಿನ ರಬ್ಬರ್ ಸಂದಿಯಿಂದ ಒಂದು ಮೂಗಿನಷ್ಟು ಹೊರಗೆ ಇಣುಕಿತು. ಚಿಟಿಕೆ ಅದನ್ನು ಬೆರಳಿನಿಂದ ಒರೆಸಿದಳು. ಒರೆಸಿ ಕೈ ತೆಗೆಯುವಷ್ಟರಲ್ಲಿ ಮೂಗು ಹೋಗಿ ಸೊಂಡಿಲಾಗಿತ್ತು.

"ಅಮ್ಮಾ, ಬೇಗ ಬಾ!"

ಅಮ್ಮ ಇಸ್ತ್ರಿ ಮೇಜು ಬಿಟ್ಟು ಓಡಿ ಬಂದಳು. ಮೆಷಿನ್ನಿನ ದುಂಡು ಗಾಜಿನ ಹಿಂದೆ ಬಟ್ಟೆಯೇ ಕಾಣುತ್ತಿರಲಿಲ್ಲ, ಬರೀ ಬಿಳುಪು. ಮೆಷಿನ್ ಎರಡು ಸಲ ಬಿಕ್ಕಿತು, ಮೂರು ಸಲ ಕೂಗಿತು, ಕೆಂಪು ದೀಪ ಹೊತ್ತಿಸಿಕೊಂಡು ಸುಮ್ಮನೆ ನಿಂತುಬಿಟ್ಟಿತು.

"ಪೌಡರ್ ಎಷ್ಟು ಹಾಕ್ದೆ ಕಣೇ?"

"ಎರಡೇ ಚಮಚ. ಅಳೆದು, ಮಟ್ಟ ಮಾಡಿ ಹಾಕಿದೀನಿ."

"ಎರಡು ಚಮಚಕ್ಕೆ ಇಷ್ಟು ನೊರೆ ಬರುತ್ತಾ? ಯಾರ ಕಿವಿಗೆ ಹೂವಿಡ್ತೀಯಾ?"

ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ. ನಾಲ್ಕಕ್ಕೆ ಆಸ್ಪತ್ರೆಯ ಹೆಡ್ ನರ್ಸ್ ಬರುವವರಿದ್ದರು.

ಮನೆಯ ಮುಂದಿನ ಅರ್ಧವೇ ಲಾಂಡ್ರಿ ಅಂಗಡಿ. ಒಂದು ದೊಡ್ಡ ಮೆಷಿನ್, ಒಂದು ಡ್ರೈಯರ್, ಒಂದು ಸಿಮೆಂಟ್ ತೊಟ್ಟಿ. ಅಮ್ಮ ಯಜಮಾನಿ. ಅಮ್ಮನ ತಮ್ಮ, ಅಂದರೆ ಮಾವ, ಬಟ್ಟೆ ತಂದು ಮುಟ್ಟಿಸುವವನು. ಅಜ್ಜಿ ಮಡಚುವವಳು, ಮಡಚುವಾಗ ಎಲ್ಲರ ತಪ್ಪನ್ನೂ ಬಿಚ್ಚಿಡುವವಳು. ಇನ್ನು ಇವಳು, ಕಾಲೇಜು ಮುಗಿಸಿಕೊಂಡು ಬಂದು ಮೆಷಿನ್ ಮುಂದೆ ನಿಲ್ಲುವವಳು. ಹೊಸ ಸೋಪಿನ ಪೌಡರ್ ಬಲು ಸ್ಟ್ರಾಂಗ್, ತುಂಬಿದ ಮೆಷಿನ್ನಿಗೂ ಎರಡೇ ಚಮಚ ಸಾಕು ಎಂದು ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ ಹೇಳಿದ ದಿನದಿಂದ ಅಜ್ಜಿ ಇವಳಿಗೆ ಇಟ್ಟ ಹೆಸರು ಚಿಟಿಕೆ.

ಇವತ್ತಿನ ಬಟ್ಟೆ ಆಸ್ಪತ್ರೆಯ ಹಸುಗೂಸುಗಳ ವಾರ್ಡಿನದು. ಮೂವತ್ತು ಪುಟ್ಟ ಶೀಟು, ಪರೀಕ್ಷೆಗೆ ಅಂತ ಕೊಟ್ಟಿದ್ದು. ಹಿಂದಿನ ಲಾಂಡ್ರಿಯವರು ಸೋಪು ಸರಿಯಾಗಿ ಬಿಡಿಸದೆ ಕೊಟ್ಟು, ಮಕ್ಕಳ ಬೆನ್ನೆಲ್ಲ ಕೆಂಪು ಗುಳ್ಳೆ ಎದ್ದಿತ್ತಂತೆ. ಹೆಡ್ ನರ್ಸ್ ಬರುವಾಗ ಗಾಜಿನ ಲೋಟ ತರುತ್ತಾರೆ. ಯಾವುದೋ ಒಂದು ಶೀಟಿನ ಮೂಲೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಲೋಟದ ಬಾಯಿ ಮುಚ್ಚಿ ಕುಲುಕುತ್ತಾರೆ. ನೊರೆ ಇಳಿಯದೆ ಹಾಗೇ ಉಳಿದರೆ ಅಲ್ಲಿಗೆ ಪರೀಕ್ಷೆ ಫೇಲು. ವಾರ್ಡಿನ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತದೆ. ಇಲ್ಲದಿದ್ದರೆ ಸೋಮವಾರ ಬಾಗಿಲಿಗೆ ಬೀಗ; ಅಮ್ಮ ದೂರದ ಊರಿನ ಗಾರ್ಮೆಂಟ್ ಫ್ಯಾಕ್ಟರಿಯ ಇಸ್ತ್ರಿ ವಿಭಾಗಕ್ಕೆ ಹೋಗಬೇಕು, ಮನೆಗೆ ಬರುವುದು ಭಾನುವಾರ ಮಾತ್ರ. ಸೇರಿಕೊಳ್ಳುವ ಅರ್ಜಿ ತುಂಬಿ ರೆಡಿಯಾಗಿ ಗಡಿಯಾರದ ಹಿಂದೆ ಸಿಕ್ಕಿಸಿಕೊಂಡಿತ್ತು. ಅರ್ಧ ಹೊರಗೆ ಕಾಣುತ್ತಿತ್ತು. ಸಮಯ ನೋಡಿದಾಗಲೆಲ್ಲ ಅದನ್ನೂ ನೋಡಬೇಕು.

"ಚಿಟಿಕೆ ಚಿಟಿಕೆ ಅಂತ ನಾವು ಅಂದ್ವಿ ಅಂತ ಹಟಕ್ಕೆ ಬಿದ್ದು ಡಬ್ಬಿನೇ ಸುರಿದ್ಲೇನೋ," ಅಂದಳು ಅಜ್ಜಿ ಮೂಲೆಯಿಂದ.

"ಅಜ್ಜೀ, ನನ್ನಾಣೆ ಎರಡೇ!"

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಡಿಯಾರದ ಕಡೆ ನೋಡಿ ತುಟಿ ಕಚ್ಚಿಕೊಂಡಳು, ಅಷ್ಟೇ. ಚಿಟಿಕೆಗೇ ಅನುಮಾನ ಬಂತು. ನಿಜವಾಗಿ ಎರಡೇ ಹಾಕಿದೆನಾ? ಮೂರಾ? ಫೋನ್ ನೋಡುತ್ತಾ ಹಾಕಿದೆನಾ? ಇಲ್ಲ, ಫೋನ್ ಚಾರ್ಜಿಗಿತ್ತು.

ಪೌಡರ್ ಹಾಕುವ ಟ್ರೇ ಎಳೆದು ನೋಡಿದಳು. ಇವಳು ಹಾಕಿದ್ದು ನೀರಿನ ಜೊತೆ ಯಾವಾಗಲೋ ಇಳಿದುಹೋಗಿರಬೇಕಿತ್ತು. ಆದರೆ ಅಲ್ಲಿ ಅರ್ಧ ನೆಂದ ಪೌಡರ್ ಗಟ್ಟಿಯಾಗಿ ಕೂತಿತ್ತು. ಡಬ್ಬಿ ಎತ್ತಿದಳು. ನಿನ್ನೆ ಸಂಜೆ ಇವಳೇ ಸೀಲು ಒಡೆದ ಡಬ್ಬಿ. ಕಾಲು ಭಾಗ ಖಾಲಿ.

"ಇದಕ್ಕೆ ಇನ್ಯಾರು ಕೈ ಹಾಕಿದ್ದು?"

ಮಾವ ಇದ್ದಕ್ಕಿದ್ದಂತೆ ಇಸ್ತ್ರಿ ಪೆಟ್ಟಿಗೆಯ ವಯರನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದ.

"ಮಾವಾ."

"ಒಂದು... ಒಂದೇ ಚಮಚ ಕಣೇ. ಮೆಷಿನ್ ತಿರುಗ್ತಿತ್ತು, ನೊರೆನೇ ಕಾಣ್ಲಿಲ್ಲ. ಆಸ್ಪತ್ರೆ ಬಟ್ಟೆ ಅಲ್ವಾ, ಇರಲಿ ಅಂತ ಹಾಕ್ದೆ."

"ಅಯ್ಯೋ, ನೀನೂ ಹಾಕಿದ್ಯಾ?" ಅಮ್ಮನ ಬಾಯಿಂದ ಜಾರಿಹೋಯಿತು.

"ನೀನೂ ಅಂದ್ರೆ?" ಚಿಟಿಕೆ ಕೇಳಿದಳು.

ಅಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಶೀಟು ತುಂಬೋವಾಗ ಒಳಗೆ ಎರಡು ಚಮಚ ಉದುರಿಸಿದ್ದೆ. ನೀನು ಹೇಗೂ ಕಮ್ಮಿ ಹಾಕ್ತೀಯ ಅಂತ. ಇರಲಿ ಅಂತ."

ಮೂವರೂ ಅಜ್ಜಿಯ ಕಡೆ ತಿರುಗಿದರು.

"ನಾನು ಚಮಚ ಮುಟ್ಟಿಲ್ಲಪ್ಪ," ಅಂದಳು ಅಜ್ಜಿ ಗಂಭೀರವಾಗಿ. "ಒಂದು ಮುಷ್ಟಿ ಹಾಕಿದೆ. ನೊರೆ ಬರದೆ ಇದ್ರೆ ಒಗೆದಿದ್ದೀವಿ ಅಂತ ಬಟ್ಟೆಗಾದ್ರೂ ಹೇಗೆ ಗೊತ್ತಾಗ್ಬೇಕು?"

ನಗಬಹುದಿತ್ತು. ಆದರೆ ಚಿಟಿಕೆಯ ಕಣ್ಣು ಕಪಾಟಿನ ಮೇಲೆ ಹೋಯಿತು. ಬೆಳಿಗ್ಗೆ ಇವಳು ಕಾಲೇಜಿಗೆ ಹೋಗಿದ್ದಾಗ ಒಗೆದ ಹನ್ನೆರಡು ಶೀಟುಗಳು, ಇಸ್ತ್ರಿಯಾಗಿ, ಹಾಲಿನಂತೆ ಬೆಳ್ಳಗೆ ಕೂತಿದ್ದವು.

"ಅವಕ್ಕೆ ಯಾರು ಹಾಕಿದ್ದು?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಚಿಟಿಕೆ ಒಂದು ಶೀಟಿನ ಮೂಲೆ ಲೋಟದಲ್ಲಿ ಅದ್ದಿ, ಹಿಂಡಿ, ಕುಲುಕಿದಳು. ನೊರೆ ಎದ್ದಿತು. ಎಲ್ಲರೂ ಲೋಟದ ಸುತ್ತ ಬಗ್ಗಿದರು. ಅದು ಇಳಿಯಲೇ ಇಲ್ಲ.

"ತಪ್ಪು ಯಾರದು ಅಂತ ಆಮೇಲೆ ಜಗಳ ಆಡೋಣ," ಅಂದಳು ಚಿಟಿಕೆ. ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯ. "ಮಾವ, ಕೆಳಗಿನ ಪೈಪ್ ಬಿಚ್ಚಿ ನೀರು ಇಳಿಸು, ಆಮೇಲೇ ಬಾಗಿಲು ತೆಗೆಯೋದು. ಅಮ್ಮ, ಆ ಹನ್ನೆರಡೂ ತೊಟ್ಟಿಗೆ ಹಾಕು. ಅಜ್ಜಿ..."

"ಹೇಳು."

"ಕೈ ಕಟ್ಕೊಂಡು ಕೂತ್ಕೋ."

ಮೆಷಿನ್ನಿನಲ್ಲಿದ್ದ ಹದಿನೆಂಟು ಶೀಟು ಬರೀ ನೀರಲ್ಲಿ ತಿರುಗಿದವು. ಒಂದು ಸುತ್ತಿಗೆ ಇಪ್ಪತ್ತು ನಿಮಿಷ. ಮೊದಲ ಸುತ್ತಿಗೆ ಗಾಜಿನ ಹಿಂದೆ ಮೋಡ, ಎರಡನೆಯದಕ್ಕೆ ಮಂಜು, ನಾಲ್ಕನೆಯದಕ್ಕೆ ಬಟ್ಟೆ ಕಂಡಿತು. ಇತ್ತ ತೊಟ್ಟಿಯಲ್ಲಿ ಅಮ್ಮನೂ ಮಾವನೂ ಮೊಣಕೈವರೆಗೆ ಮುಳುಗಿ ಜಾಲಿಸಿದರು, ಹಿಂಡಿದರು, ನೀರು ಬದಲಾಯಿಸಿದರು, ಮತ್ತೆ ಜಾಲಿಸಿದರು. ಅಮ್ಮನ ಬೆರಳ ತುದಿಗಳು ಬಿಳುಚಿ ಸುಕ್ಕಾದವು. ಚಿಟಿಕೆ ಲೋಟ ಹಿಡಿದು ಅತ್ತಿಂದಿತ್ತ ಓಡಾಡಿದಳು. ಪ್ರತಿ ಸಲವೂ ಅದೇ ಮಾತು: "ಇನ್ನೊಂದ್ಸಲ."

ಮೂರೂವರೆಗೆ ಇಪ್ಪತ್ತನಾಲ್ಕು ಶೀಟು ಗೆದ್ದವು. ಡ್ರೈಯರ್‌ನಿಂದ ಬಿಸಿಬಿಸಿಯಾಗಿ ಇಳಿದು ಇಸ್ತ್ರಿ ಮೇಜು ಹತ್ತಿದವು. ಆರು ಉಳಿದವು. ಅಜ್ಜಿಯ ಬೆಳಗಿನ ಮುಷ್ಟಿ ಬಿದ್ದದ್ದು ಇವುಗಳ ಮೇಲೆಯೇ ಇರಬೇಕು. ಎಷ್ಟು ಜಾಲಿಸಿದರೂ ಲೋಟದ ಅಂಚಿನಲ್ಲಿ ನೊರೆಯ ಉಂಗುರ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅಮ್ಮ ಅವನ್ನೂ ಹಾಗೆಯೇ ಒಣಗಿಸಿದಳು. ಮೂವತ್ತು ಕೊಡಬೇಕಲ್ಲ.

"ಅಡೀಲಿ ಇಟ್ಬಿಡ್ತೀನಿ," ಮಾವ ಪಿಸುಗುಟ್ಟಿದ. "ಅಡಿಯಿಂದ ಯಾರು ಎಳೀತಾರೆ? ನೀನು ಬಾಯಿ ಬಿಡ್ಬೇಡ, ಮಹಾತಾಯಿ."

ಚಿಟಿಕೆ ಅಮ್ಮನ ಮುಖ ನೋಡಿದಳು. ಅಮ್ಮ ಗಡಿಯಾರದ ಹಿಂದಿನ ಕಾಗದ ನೋಡುತ್ತಿದ್ದಳು.

ಹೆಡ್ ನರ್ಸ್ ನಾಲ್ಕಕ್ಕೆ ಸರಿಯಾಗಿ ಬಂದರು. ತೆಳ್ಳಗೆ ಎತ್ತರ, ದನಿ ಮೆತ್ತಗೆ. ಚೀಲದಿಂದ ಲೋಟ ತೆಗೆದು, ಮೇಲಿನಿಂದ ಎರಡನೆಯ ಶೀಟು ಎಳೆದು, ಅದ್ದಿ, ಹಿಂಡಿ, ಕುಲುಕಿದರು. ನೀರು ತಿಳಿಯಾಗಿತ್ತು.

"ಚೆನ್ನಾಗಿದೆ," ಅಂದರು. ಮಾವನ ಭುಜ ಒಂದು ಗೇಣು ಇಳಿಯಿತು. ನರ್ಸ್ ಇಡೀ ಕಟ್ಟಿಗೆ ಕೈ ಹಾಕಿ ಎತ್ತಿಕೊಂಡರು.

"ಮೇಡಂ, ಕೆಳಗಿನ ಆರು ಬೇಡ!"

ಮಾತು ಆಗಲೇ ಹೊರಗೆ ಬಿದ್ದಿತ್ತು. ಮಾವ ಹಣೆ ಚಚ್ಚಿಕೊಂಡ. ಅಮ್ಮ ಕಣ್ಣು ಮುಚ್ಚಿದಳು.

"ಅದ್ರಲ್ಲಿ ಸೋಪು ಇನ್ನೂ ಇದೆ ಮೇಡಂ. ಇವತ್ತು ನಾವು ಜಾಸ್ತಿ ಹಾಕ್ಬಿಟ್ವಿ."

ನರ್ಸ್ ಕಟ್ಟು ಕೆಳಗಿಟ್ಟು, ಅಡಿಯ ಶೀಟು ಎಳೆದು, ಹೊಸ ನೀರಲ್ಲಿ ಅದ್ದಿ ಕುಲುಕಿದರು. ಉಂಗುರ ಎದ್ದು ನಿಂತಿತು. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಡ್ರೈಯರ್ ತಣ್ಣಗಾಗುತ್ತಾ ಟಿಕ್ ಟಿಕ್ ಎನ್ನುತ್ತಿತ್ತು.

"ಯಾಕಮ್ಮಾ ಹೇಳ್ದೆ? ನಾನು ತಗೊಂಡು ಹೋಗೇಬಿಡ್ತಿದ್ದೆ."

"ಅಡಿಯ ಶೀಟಿನ ಮೇಲೂ ಒಂದು ಮಗುನೇ ಅಲ್ವಾ ಮೇಡಂ ಮಲಗೋದು?"

ನರ್ಸ್ ಲೋಟದ ನೀರು ತೊಟ್ಟಿಗೆ ಚೆಲ್ಲಿದರು. "ಇಲ್ಲಿ ಪೌಡರ್ ಹಾಕೋರು ಯಾರು?"

ಮಾವ ಚಾವಣಿ ನೋಡಿದ. ಅಜ್ಜಿ ಕಟ್ಟಿದ ಕೈ ಬಿಚ್ಚಲಿಲ್ಲ. ಅಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಇವತ್ತಿನವರೆಗೆ ನಾಲ್ಕು ಜನ ಮೇಡಂ. ಇನ್ಮುಂದೆ ಇವಳೊಬ್ಬಳೇ."

"ಹಾಗಾದ್ರೆ ಈ ಆರನ್ನ ನಾಳೆ ಕೊಡಿ. ಜೊತೆಗೆ ನಲವತ್ತು ಕಳಿಸ್ತೀನಿ. ಒಂದು ತಿಂಗಳು ನಾನೇ ಬಂದು ನೋಡ್ತೀನಿ, ಯಾವುದನ್ನ ಎಳೀತೀನಿ ಅಂತ ಹೇಳಲ್ಲ. ಆಮೇಲೆ ವಾರ್ಡಿನ ಬಟ್ಟೆ ಎಲ್ಲ ನಿಮ್ಗೇ."

ಅವರು ಬೀದಿ ತಿರುವು ದಾಟಿದರು. ಆಮೇಲೆ ಅಮ್ಮ ಗಡಿಯಾರದ ಹಿಂದಿನ ಅರ್ಜಿ ಎಳೆದು, ನಾಲ್ಕಾಗಿ ಮಡಚಿ, ಕುಂಟುತ್ತಿದ್ದ ಇಸ್ತ್ರಿ ಮೇಜಿನ ಕಾಲಿನಡಿ ತುರುಕಿದಳು. ಡಬ್ಬಿಯನ್ನು ಚಿಟಿಕೆಯ ಕೈಗೆ ಕೊಟ್ಟಳು. ಬಿಳುಚಿದ ಬೆರಳುಗಳು ಅವಳ ಕೈಯನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡವು.

ಆ ಆರು ಶೀಟು ಮತ್ತೆ ಬರೀ ನೀರಿಗೆ ಹೋದವು. ಚಿಟಿಕೆ ಬಾಗಿಲು ಮುಚ್ಚಬೇಕು, ಅಷ್ಟರಲ್ಲಿ ಅಜ್ಜಿ ಏನೂ ಗೊತ್ತಿಲ್ಲದವಳ ಹಾಗೆ ಮೆಷಿನ್ ಪಕ್ಕ ಬಂದು ನಿಂತಳು.

"ಅಜ್ಜಿ."

"ಏನೇ?"

"ಮುಷ್ಟಿ ಬಿಚ್ಚು."