ಮಂದ ನೀರು

ಚಮಚ ಲೋಟದಲ್ಲಿ ನೆಟ್ಟಗೆ ನಿಂತುಬಿಟ್ಟಿತು. ಪುಡಿ ಹೆಚ್ಚಾಯಿತು. ಅವನು ಇನ್ನಷ್ಟು ನೀರು ಸುರಿದು ಕಲಕಿದ. ಕಲಕುವಷ್ಟು ಹೊತ್ತು ಸಡಿಲವಾದಂತೆ ಕಂಡದ್ದು ಕೈ ನಿಲ್ಲಿಸಿದ ಕೂಡಲೇ ಮತ್ತೆ ಬಿಗಿದುಕೊಂಡಿತು.

“ಅಪ್ಪ, ನೀರು.”

ಅಪ್ಪ ದಿಂಬಿಗೆ ಒರಗಿ ಕಿಟಕಿಯ ಕಡೆ ನೋಡುತ್ತಿದ್ದರು. ಬಲಗೈ ಹೊದಿಕೆಯ ಮೇಲೆ ಬಿದ್ದುಕೊಂಡಿತ್ತು, ಬೇರೆ ಯಾರದೋ ಕೈಯ ಹಾಗೆ. ಪಾರ್ಶ್ವವಾಯು ಹೊಡೆದ ಮೇಲೆ ಅವರ ಮಾತು ನಿಧಾನವಾಗಿತ್ತು. ಮೊನಚು ಮಾತ್ರ ಹೋಗಿರಲಿಲ್ಲ.

“ಇದು ನೀರಲ್ಲ,” ಎಂದರು. “ನೀರಿನ ಹೆಣ.”

“ಒಂದು ನಾಲ್ಕು ಚಮಚ ತಗೊಳ್ಳಿ ಸಾಕು.”

“ಇಡೀ ಆಯುಸ್ಸು ಬಸ್ಸು ಓಡಿಸಿದೆ. ರೇಡಿಯೇಟರಿಗೂ ನಾನು ಇಂಥದ್ದು ಹಾಕಲಿಲ್ಲ ಕಣೋ.”

ಅವನು ನಕ್ಕ. ಅಪ್ಪ ನಗಲಿಲ್ಲ. ಬಾಯಿಗಿಟ್ಟ ಚಮಚವನ್ನು ತುಟಿಗಳಿಂದ ಎಳೆದುಕೊಂಡು, ಕಣ್ಣು ಮುಚ್ಚಿ, ಬಲವಂತಕ್ಕೆ ಸಹಿ ಹಾಕುವವರ ಹಾಗೆ ನುಂಗಿದರು. ಎರಡನೆಯದಕ್ಕೆ ಬಾಯಿ ತೆರೆಯಲಿಲ್ಲ.

ಗಂಟಲಿನ ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚುತ್ತಿಲ್ಲ ಎಂದು ಡಾಕ್ಟರು ಹೇಳಿದ್ದರು. ಬರೀ ನೀರು ಓಡುತ್ತದೆ. ಬಾಗಿಲು ಮುಚ್ಚುವಷ್ಟರಲ್ಲಿ ಶ್ವಾಸಕೋಶಕ್ಕೆ ಇಳಿದಿರುತ್ತದೆ. ಮಂದ ಮಾಡಿದರೆ ತೆವಳಿಕೊಂಡು ಹೋಗುತ್ತದೆ. ಒಮ್ಮೆ ಹಾಗೆ ಇಳಿದು ಜ್ವರ ಬಂದು, ಅಪ್ಪ ಆಸ್ಪತ್ರೆ ಸೇರಿ, ಬದುಕಿ ಬಂದಿದ್ದರು. ಅಂದಿನಿಂದ ಈ ಪುಡಿ.

ಆಸ್ಪತ್ರೆಯ ಕೆಳಗಿನ ಔಷಧಿ ಅಂಗಡಿಯಲ್ಲಿ ಡಬ್ಬಿ ಕೈಗೆ ಬಂದಾಗ ಅವನು ಹಿಂದೆ ಬರೆದದ್ದನ್ನು ಓದಿದ್ದ. ಓದಿ, ಮತ್ತೆ ಮಹಡಿ ಹತ್ತಿ ಹೋಗಿ ಡಾಕ್ಟರಿಗೆ ಹೇಳಿದ್ದ: “ಇದರೊಳಗಿನ ಗಮ್ಮು ನಾವೇ ಮಾಡೋದು. ನಮ್ಮ ಫ್ಯಾಕ್ಟರಿಯಲ್ಲಿ.”

“ಓ! ಹಾಗಾದ್ರೆ ನಿಮಗೆ ನಾನೇನು ಹೇಳೋದು,” ಎಂದಿದ್ದರು ಡಾಕ್ಟರು.

ಒಳಗೆ ಅಪ್ಪ ಮೂಗಿನಲ್ಲಿ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದಾಗ ಹೊರಗಿನ ಓಣಿಯಲ್ಲಿ ತಾನು ಒಂದು ಗಳಿಗೆ ಹೆಮ್ಮೆಪಟ್ಟಿದ್ದೆ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ.

“ಮಧ್ಯಾಹ್ನ ಇನ್ನಷ್ಟು ಕುಡಿಸು,” ಎಂದು ಹೆಂಡತಿಗೆ ಹೇಳಿ ಶೂ ಹಾಕಿಕೊಂಡ.

“ಕುಡಿಯಲ್ಲ ಅಂದ್ರೆ?”

“ನೋಡೋಣ.”

*

ಫ್ಯಾಕ್ಟರಿಯಲ್ಲಿ ಅವನಿಗೆ ಮಾತು ಸಲೀಸು. ಟ್ಯಾಂಕುಗಳ ನಡುವೆ ನಿಂತರೆ ಗಂಟೆಗಟ್ಟಲೆ ಮಾತಾಡಬಲ್ಲ. ಎಲೆಕೋಸಿನ ಎಲೆಯಂಚನ್ನು ಕಪ್ಪಾಗಿಸುವ ಒಂದು ರೋಗದ ಬ್ಯಾಕ್ಟೀರಿಯಾ; ಎಲೆಯ ಮೇಲೆ ಒಣಗಿ ಸಾಯದಿರಲೆಂದು ತನ್ನ ಸುತ್ತ ಲೋಳೆ ಕಟ್ಟಿಕೊಳ್ಳುತ್ತದೆ. ಅದನ್ನು ಹಿಡಿದು ತಂದು ಉಕ್ಕಿನ ಟ್ಯಾಂಕಿನಲ್ಲಿ ಸಾಕುತ್ತಾರೆ. ಸಕ್ಕರೆ ಪಾಕ ಕೊಡುತ್ತಾರೆ, ಗಾಳಿ ಊದುತ್ತಾರೆ, ಬೆಚ್ಚಗಿಡುತ್ತಾರೆ. ಅದು ಸಕ್ಕರೆಗೆ ಸಕ್ಕರೆ ಪೋಣಿಸಿ ಉದ್ದನೆಯ ಸರಪಳಿ ಮಾಡಿ ಹೊರಗೆ ಬಿಡುತ್ತದೆ. ಚಹಾದಷ್ಟು ತೆಳ್ಳಗಿದ್ದ ದ್ರವ ದಿನ ಕಳೆದಂತೆ ಅಂಟಾಗುತ್ತದೆ. ಆಮೇಲೆ ಬಿಸಿ ಮಾಡಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಾರೆ. ಆಲ್ಕೋಹಾಲ್ ಸುರಿದರೆ ಸರಪಳಿಗಳೆಲ್ಲ ಬಿಳಿ ನಾರಾಗಿ ಮೇಲೇಳುತ್ತವೆ. ಒಣಗಿಸಿ ಪುಡಿ ಮಾಡಿದರೆ ಗಮ್ಮು. ಸಾಸಿಗೆ, ಐಸ್‌ಕ್ರೀಮಿಗೆ, ಟೂತ್‌ಪೇಸ್ಟಿಗೆ. ತಿಂದವರಿಗೆ ಅದು ಇದೆಯೆಂದೇ ತಿಳಿಯಬಾರದು. ಅದೇ ಅದರ ಗುಣ.

“ಸಾರ್, ಮೂರನೇ ಟ್ಯಾಂಕು ಉಸಿರಾಡ್ತಿಲ್ಲ,” ಎಂದ ಆಪರೇಟರ್.

ಇಬ್ಬರೂ ಗಾಜಿನ ಕಿಂಡಿಯಲ್ಲಿ ಇಣುಕಿದರು. ನಡುವೆ ಕಲಕುವ ರೆಕ್ಕೆಗಳ ಸುತ್ತ ಮಾತ್ರ ಚಲನೆ. ಅಂಚಿನಲ್ಲೆಲ್ಲ ದ್ರವ ಗೋಡೆಯ ಹಾಗೆ ನಿಂತಿತ್ತು. ಕೆಳಗಿನಿಂದ ಊದಿದ ಗಾಳಿ ನಡುವೆಯೇ ದಾರಿ ಮಾಡಿಕೊಂಡು ಮೇಲೆ ಬಂದು ಹೋಗುತ್ತಿತ್ತು. ಅಂಚಿನಲ್ಲಿದ್ದ ಜೀವಗಳು ತಾವೇ ಮಾಡಿದ ಲೋಳೆಯಲ್ಲಿ ಉಸಿರುಗಟ್ಟಿ ಕೂತಿದ್ದವು.

“ಟ್ಯಾಂಕು ಖಾಲಿ ಮಾಡಿ ಮಾಲು ಇಳಿಸಿಬಿಡೋಣ್ವಾ ಸಾರ್?”

ಸಕ್ಕರೆ ಇನ್ನೂ ಉಳಿದಿತ್ತು. ಈಗಲೇ ಇಳಿಸಿದರೆ ಮ್ಯಾನೇಜರು ಕೂಗಾಡುತ್ತಾರೆ. ಇಳಿಸದಿದ್ದರೆ ಮಾಲು ಕೆಡಬಹುದು.

“ಇನ್ನೊಂಚೂರು ನೋಡೋಣ.”

ಆಪರೇಟರ್ ತಲೆಯಾಡಿಸಿದ. ಆ ತಲೆಯಾಡಿಸುವಿಕೆಗೆ ಹೌದು ಎಂದೂ, ಸರಿಹೋಯ್ತು ಎಂದೂ ಅರ್ಥ ಮಾಡಿಕೊಳ್ಳಬಹುದಿತ್ತು.

ಹೊತ್ತೇರುವ ಮೊದಲು ಸಾಸ್ ಕಂಪನಿಯ ಅಧಿಕಾರಿಣಿ ಬಂದರು. ಚುರುಕಿನ ಹೆಂಗಸು, ಟೊಪ್ಪಿಗೆಯೊಳಗೆ ಕೂದಲು ತೂರಿಸಿಕೊಳ್ಳುತ್ತಲೇ ಪ್ರಶ್ನೆ ಕೇಳತೊಡಗಿದರು. ಅವನು ಲ್ಯಾಬಿನಲ್ಲಿ ಗಮ್ಮು ಬೆರೆಸಿದ ಸಾಸಿನ ಒಂದು ಬಾಟಲಿಯನ್ನು ತಲೆಕೆಳಗು ಮಾಡಿ ಹಿಡಿದ. ಒಳಗಿನದು ಬೀಳಲಿಲ್ಲ. ಜೋರಾಗಿ ಅಲ್ಲಾಡಿಸಿ ಮತ್ತೆ ಬಗ್ಗಿಸಿದ. ಧಾರಾಕಾರ ಸುರಿಯಿತು.

“ನಮ್ಮ ಮನೆಯವರ ಹಾಗೆ,” ಎಂದರು ಆಕೆ. “ಹಿಡಿದು ಅಲ್ಲಾಡಿಸಿದ್ರೆ ಮಾತ್ರ ಬಾಯಿ ಬಿಡ್ತಾರೆ.”

ಅವನು ತುಸು ತಡವಾಗಿ ನಕ್ಕ.

“ರುಚಿ ಏನಾದ್ರೂ ಬದಲಾಗುತ್ತಾ?”

“ಇಲ್ಲ ಮೇಡಂ. ಇದಕ್ಕೆ ರುಚಿಯೇ ಇಲ್ಲ.”

“ನೀವು ತಿಂದು ನೋಡಿದ್ದೀರಾ?”

“ದಿನಾ,” ಎಂದ.

ಯಾಕೆ ಹಾಗೆಂದೆ ಎಂದು ಅವನಿಗೇ ತಿಳಿಯಲಿಲ್ಲ. ಒಂದು ದಿನವೂ ನಾಲಿಗೆಗೆ ಹಚ್ಚಿ ನೋಡಿದವನಲ್ಲ. ಅದರ ಬಗ್ಗೆ ಯೋಚಿಸುವಷ್ಟರಲ್ಲಿ ಫೋನು ಬಂತು.

“ನಿಮ್ಮ ಅಕ್ಕ ಬಂದಿದ್ದಾರೆ,” ಎಂದಳು ಹೆಂಡತಿ.

“ಸರಿ.”

“ಮಾವನಿಗೆ ನೀರು ಕೊಟ್ಟುಬಿಟ್ಟಿದ್ದಾರೆ ರೀ.”

“ಪುಡಿ ಹಾಕಿ ತಾನೆ?”

“ಬರೀ ನೀರು. ನಾನು ಬಟ್ಟೆ ಒಣಗಿಸೋಕೆ ಮೇಲೆ ಹೋಗಿದ್ದೆ. ಬರೋಷ್ಟರಲ್ಲಿ ಲೋಟ ಖಾಲಿ.”

“ಕೆಮ್ಮಿದರಾ?”

“ಇಲ್ಲ. ಒಂದು ಸಲವೂ ಇಲ್ಲ. ಅದಕ್ಕೇ ಫೋನ್ ಮಾಡಿದ್ದು.”

ಕೆಮ್ಮು ಅಂದರೆ ಕಾವಲುಗಾರ, ಕೆಮ್ಮಲಿಲ್ಲ ಅಂತ ಸಮಾಧಾನ ಪಡಬೇಡಿ, ಕಾವಲುಗಾರ ನಿದ್ದೆ ಹೋಗಿರಬಹುದು ಎಂದು ಡಾಕ್ಟರು ಅವರಿಬ್ಬರಿಗೂ ಒಟ್ಟಿಗೇ ಹೇಳಿದ್ದರು.

“ನೋಡೋಣ,” ಎಂದ ಅವನು.

“ಏನು ನೋಡೋದು? ಬರ್ತೀರೋ ಇಲ್ವೋ ಹೇಳಿ.”

ರಜೆ ಕೇಳಲು ಹೋದಾಗ ಮ್ಯಾನೇಜರು ಕನ್ನಡಕ ಹಣೆಗೇರಿಸಿ ಕೇಳಿದರು: “ಸೀರಿಯಸ್ಸಾ?”

“ಗೊತ್ತಿಲ್ಲ ಸಾರ್.”

“ಮೂರನೇ ಟ್ಯಾಂಕು?”

“ಅದೂ ಗೊತ್ತಿಲ್ಲ.”

ಆ ದಿನ ಅವನು ಆಡಿದ ನಿಜವಾದ ಮಾತು ಅದೊಂದೇ ಇರಬೇಕು. ಮ್ಯಾನೇಜರು ತಮಾಷೆಯೆಂದುಕೊಂಡು ನಕ್ಕರು.

*

ಅಕ್ಕ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಹೊಲಿಗೆ ಅಂಗಡಿಯಿಂದ ನೇರ ಬಂದಿದ್ದಳೆಂದು ಕಾಣುತ್ತದೆ. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು.

“ನೀನು ಏನು ಮಾಡಿದ್ದೀಯ ಗೊತ್ತಾ?”

“ಬಾಯಾರಿದವನಿಗೆ ನೀರು ಕೊಟ್ಟೆ.”

“ಅದು ಶ್ವಾಸಕೋಶಕ್ಕೆ ಹೋಗುತ್ತೆ ಅಂತ ಹೇಳಿರಲಿಲ್ವಾ?”

“ಹೋಗಿದೆಯಾ?”

“ಗೊತ್ತಿಲ್ಲ.”

“ನಿನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಬಾಯಾರಿದೆ ಅಂತ ಅವನಿಗೆ ಗೊತ್ತಿತ್ತು.” ಲೋಟವನ್ನು ಬೋರಲು ಹಾಕಿದಳು. “ಕುಡಿದು ಅತ್ತ ಕಣೋ. ಅಮ್ಮ ಹೋದಾಗಲೂ ಅತ್ತವನಲ್ಲ. ಒಂದು ಲೋಟ ನೀರಿಗೆ ಅತ್ತ.”

ಅಕ್ಕ ಚಿಕ್ಕಂದಿನಿಂದ ಅಪ್ಪನನ್ನು ‘ನೀನು’ ಎನ್ನುತ್ತಿದ್ದಳು. ಅವನು ‘ನೀವು’. ಇಬ್ಬರಿಗೂ ಯಾರೂ ಹೇಳಿಕೊಟ್ಟದ್ದಲ್ಲ. ಈಗ ಅವಳು ಅಪ್ಪನನ್ನು ‘ಅವನು’ ಎಂದದ್ದು ಅವನೊಳಗೆ ಅಸೂಯೆ ಹುಟ್ಟಿಸಿತು. ಅಪ್ಪ ಅತ್ತದ್ದು ಅವನೆದುರಿಗಲ್ಲ.

“ಜ್ವರ ಬಂದರೆ?”

“ಬಂದರೆ ನನ್ನ ತಲೆಗೆ ಕಟ್ಟು.” ಒದ್ದೆ ಕೈ ಒರೆಸಿಕೊಂಡಳು. “ಅಲ್ವೋ, ನೀನು ಅದನ್ನ ಒಂದು ದಿನವಾದರೂ ಕುಡಿದು ನೋಡಿದ್ದೀಯಾ?”

ಆ ದಿನ ಅದೇ ಪ್ರಶ್ನೆ ಎರಡನೆಯ ಸಲ ಬಂದಿತ್ತು. ಈ ಸಲ ಅವನಿಂದ ಸುಳ್ಳು ಹೇಳಲಾಗಲಿಲ್ಲ. ಅಕ್ಕ ಒಳಗೆ ಹೋಗಿ ಅಪ್ಪನ ಕೆನ್ನೆ ಸವರಿ, ಅಂಗಡಿ ಬಾಗಿಲು ಹಾಕದೆ ಬಂದಿದ್ದೇನೆ ಎಂದು ಯಾರಿಗೆಂದಿಲ್ಲದೆ ಹೇಳಿ ಹೊರಟುಹೋದಳು.

ಅವನು ಡಾಕ್ಟರಿಗೆ ಫೋನ್ ಮಾಡಿದ.

“ಈಗ ಮಾಡೋದೇನೂ ಇಲ್ಲ. ಜ್ವರ ಬಂದರೆ, ಉಸಿರು ಗೊರಗೊರ ಅಂದರೆ ಕರ್ಕೊಂಡು ಬನ್ನಿ,” ಎಂದರು. ಆಮೇಲೆ ಮುಂದುವರಿಸಿದರು: “ನೋಡಿ, ಕೆಲವರು ಅಪಾಯ ಗೊತ್ತಿದ್ದೂ ನೀರೇ ಬೇಕು ಅಂತಾರೆ. ಎಷ್ಟು ದಿನ ಇರ್ತೀನೋ ಅಷ್ಟು ದಿನ ಬಾಯಾರಿಕೊಂಡು ಇರಲಾರೆ ಅಂತಾರೆ. ಅದು ಮನೆಯವರು ಕೂತು ತೀರ್ಮಾನ ಮಾಡೋ ವಿಷಯ. ಅವರನ್ನೇ ಕೇಳಿದ್ದೀರಾ?”

“ಯಾರನ್ನ?”

“ನಿಮ್ಮ ತಂದೆಯವರನ್ನ.”

“ನೋಡೋಣ ಡಾಕ್ಟರೇ,” ಎಂದ.

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. “ಏನಂದರು?”

“ಜ್ವರ ನೋಡ್ತಾ ಇರಿ ಅಂದರು.”

ಸಂಜೆಯವರೆಗೆ ಜ್ವರ ನೋಡಿದರು. ಬರಲಿಲ್ಲ. ಬರುವುದಿಲ್ಲ ಎಂದೂ ಹೇಳುವಂತಿರಲಿಲ್ಲ. ಅಪ್ಪ ನಿದ್ದೆ ಮಾಡುತ್ತಿದ್ದರು. ತುಟಿಗಳು ಎಷ್ಟೋ ದಿನಗಳ ಮೇಲೆ ಒದ್ದೆಯಾಗಿ ಕಾಣುತ್ತಿದ್ದವು. ಆಪರೇಟರ್ ಫೋನ್ ಮಾಡಿ, ಮೂರನೇ ಟ್ಯಾಂಕು ಇಳಿಸಿದೆವು, ತಡವಾಯಿತು, ಸಕ್ಕರೆಯೆಲ್ಲ ಹಾಗೇ ಉಳಿದುಬಿಟ್ಟಿದೆ ಎಂದ. ಸರಿ ಎಂದ ಅವನು. ಬೈಗುಳಕ್ಕೆ ಸಿದ್ಧನಾಗಿದ್ದ ಆಪರೇಟರ್ ಕ್ಷಣಕಾಲ ಕಾದು ಫೋನ್ ಇಟ್ಟ.

ಹೆಂಡತಿ ತರಕಾರಿಗೆಂದು ಕೆಳಗೆ ಹೋದಾಗ ಅವನು ಅಡುಗೆಮನೆಗೆ ಹೋಗಿ ಡಬ್ಬಿ ತೆರೆದ. ಲೋಟಕ್ಕೆ ನೀರು ಹಾಕಿ, ಪುಡಿ ಹಾಕಿ, ಕಲಕಿ, ನಿಂತೇ ಕುಡಿದ.

ರುಚಿ ಇರಲಿಲ್ಲ, ಅಷ್ಟು ಮಟ್ಟಿಗೆ ಅವನು ಹೇಳಿದ್ದು ನಿಜ. ಅದು ಬಾಯೊಳಗೆ ಬಂದು ಕೂತಿತು. ನುಂಗಿದಾಗ ಗಂಟಲಿನ ಗೋಡೆ ಸವರಿಕೊಂಡು ಒಟ್ಟಾಗಿ ಇಳಿಯಿತು. ತಣ್ಣಗಿತ್ತು, ಆದರೆ ತಂಪಿರಲಿಲ್ಲ. ಲೋಟ ಮುಗಿದಾಗ ಹೊಟ್ಟೆ ಭಾರವಾಗಿತ್ತು, ನಾಲಿಗೆ ಮೊದಲಿನಂತೆಯೇ ಒಣಗಿತ್ತು. ಇನ್ನೊಂದು ಕುಡಿದರೂ ಬಾಯಾರಿಕೆ ಅಲ್ಲೇ ಇರುತ್ತದೆ ಎಂದು ಅವನಿಗೆ ಖಚಿತವಾಗಿ ತಿಳಿಯಿತು. ಇಷ್ಟು ವರ್ಷಗಳಲ್ಲಿ ತನ್ನ ಮಾಲಿನ ಬಗ್ಗೆ ತಿಳಿಯದಿದ್ದ ಒಂದೇ ಗುಣ.

ಕೋಣೆಗೆ ಬಂದಾಗ ಅಪ್ಪ ಎಚ್ಚರವಾಗಿದ್ದರು. ಹಣೆ ಮುಟ್ಟಿ ನೋಡಿದ. ತನ್ನ ಕೈ ಬಿಸಿಯೋ ಹಣೆ ಬಿಸಿಯೋ ಗೊತ್ತಾಗಲಿಲ್ಲ.

“ತುಟಿ ಯಾಕೆ ನೆಕ್ಕಿಕೊಳ್ತಿದ್ದೀಯ?” ಎಂದರು ಅಪ್ಪ.

“ಏನಿಲ್ಲ.”

“ಬಾಯಾರಿದೆಯಾ?”

ಅವನು ಅಪ್ಪನ ಹೊದಿಕೆ ಸರಿಮಾಡಿದ.

“ನೀರು ಕುಡಿ.”

“ಆಮೇಲೆ ಕುಡೀತೀನಿ.”

“ತಂದು ಇಲ್ಲೇ ಕುಡಿ. ನನ್ನೆದುರಿಗೆ.”

ಚಿಕ್ಕ ಹುಡುಗನ ಹಾಗೆ ಎದ್ದುಹೋಗಿ ನಲ್ಲಿ ತಿರುಗಿಸಿ ಲೋಟ ತುಂಬಿಕೊಂಡು ಬಂದ. ಬೇರೆ ಕಡೆ ತಿರುಗಿ ಕುಡಿಯೋಣವೆಂದುಕೊಂಡ. ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆ ಎನಿಸಿತು. ಮಂಚದ ಪಕ್ಕ ನಿಂತು ಲೋಟ ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡ. ನೀರು ಹಲ್ಲಿನ ಸಂದುಗಳಿಗೆ, ನಾಲಿಗೆಯ ಕೆಳಗೆ, ಒಣಗಿದ ಎಲ್ಲ ಕಡೆಗೂ ತಾನಾಗಿ ಹರಿಯಿತು.

ಅಪ್ಪ ಅವನ ಮುಖ ನೋಡುತ್ತಿರಲಿಲ್ಲ. ಗಂಟಲನ್ನು ನೋಡುತ್ತಿದ್ದರು.

“ನಾಳೆಯಿಂದ ನನಗೂ ಇದನ್ನೇ ಕೊಡ್ತೀಯಾ?”

ಪ್ರತಿಯೊಂದು ಪದವನ್ನೂ ಬಿಡಿಸಿ ಬಿಡಿಸಿ, ಜಗಳವಿಲ್ಲದೆ ಕೇಳಿದರು. ಅವನಿಗೆ ಹೌದು ಎನ್ನಬೇಕೆನಿಸಿತು. ಕೂಡಲೇ ಇಲ್ಲ ಎನ್ನಬೇಕೆನಿಸಿತು. ಯಾವುದನ್ನು ಹೇಳಬೇಕಾದರೂ ಮೊದಲು ನುಂಗಬೇಕಿತ್ತು. ನುಂಗಿದರೆ ಅಪ್ಪನಿಗೆ ಕಾಣುತ್ತಿತ್ತು.

ಕೆನ್ನೆಗಳು ಉಬ್ಬಿದ್ದವು. ಉಸಿರನ್ನು ಮೂಗಿನಲ್ಲಿ ಬಿಡುತ್ತ ನಿಂತ. ಬಾಯೊಳಗೆ ನೀರು ಮೆಲ್ಲಗೆ ಬೆಚ್ಚಗಾಗತೊಡಗಿತು.