ದಪ್ಪವಾಗುತ್ತಾ ಹೋದ ಮರ

"ತಲೆ ಕಡೆ ಎತ್ತಿ! ಅಯ್ಯೋ ಇಲ್ಲ, ಕಾಲು ಕಡೆ ತಿರುಗಿಸಿ!" ಎಂದು ಸತ್ತವನ ತಮ್ಮ ಕೆಳಗಿನಿಂದ ಕೂಗುತ್ತಿದ್ದ.

ಪೆಟ್ಟಿಗೆ ಸುರುಳಿ ಮೆಟ್ಟಿಲಿನ ಮೊದಲ ತಿರುವಿನಲ್ಲೇ ಸಿಕ್ಕಿಕೊಂಡಿತ್ತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಹೊತ್ತವರಲ್ಲಿ ಒಬ್ಬನ ಮೊಣಕೈ ಕಬ್ಬಿಣದ ಕಂಬಿಗೂ ಪೆಟ್ಟಿಗೆಗೂ ನಡುವೆ ಕಚ್ಚಿಕೊಂಡು, ಸತ್ತವನಿಗಿಂತ ಅವನ ಪಾಡೇ ನೋಡಲಾಗದಂತಿತ್ತು. ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಮೇಲೆ ತಂದಿದ್ದರು. ತುಂಬಿದ ಮೇಲೆ ಇಳಿಸುವುದು ಹೇಗೆಂದು ಒಬ್ಬರಿಗೂ ಹೊಳೆದಿರಲಿಲ್ಲ.

"ಒಂದ್ಸಲ ನಿಲ್ಲಿಸಿಬಿಟ್ರೆ ಸಲೀಸಾಗಿ ಇಳಿಯುತ್ತೆ," ಎಂದ ಪೆಟ್ಟಿಗೆ ಮಾಡಿದ ಬಡಗಿ.

ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಸತ್ತವನ ಹೆಂಡತಿ, ಮನೆಯವರೆಲ್ಲ ದೊಡ್ಡಾಕೆ ಎನ್ನುತ್ತಿದ್ದವಳು, ಬಡಗಿಯನ್ನು ಸುಡುವ ಹಾಗೆ ನೋಡಿದಳು.

"ಜೀವಮಾನವೆಲ್ಲ ಏಣಿ ಮೇಲೆ ನಿಂತು ಅಂಗಡಿ ಬೋರ್ಡು ಬರೆದೋರು ಅವರು. ಇವತ್ತಾದ್ರೂ ಮಲಗಿರ್ಲಿ ಬಿಡಿ."

ಸಾಕಷ್ಟು ಎಳೆದಾಡಿದ ಮೇಲೆ ಪೆಟ್ಟಿಗೆ ಮತ್ತೆ ಕೋಣೆಗೇ ಬಂದು ಎರಡು ಸ್ಟೂಲುಗಳ ಮೇಲೆ ಕುಳಿತಿತು. ಕೆಳಗಿದ್ದ ಅವಳ ಮೈದುನ ಬೆವರೊರೆಸಿಕೊಳ್ಳುತ್ತ ಹತ್ತಿ ಬಂದ.

"ಅತ್ತಿಗೆ, ಇರೋದು ಒಂದೇ ದಾರಿ. ಆ ಬಾಗಿಲು ತೆಗೆದ್ರೆ ನಮ್ಮ ಕಡೆ ಅಗಲವಾದ ಮೆಟ್ಟಿಲಿದೆ."

"ಯಾವ ಬಾಗಿಲಪ್ಪ? ನಮ್ಮನೇಲಿ ಅಂಥದ್ದಿಲ್ಲ."

ಎಲ್ಲರೂ ಗೋಡೆಯತ್ತ ನೋಡಿದರು. ಅಲ್ಲಿ ನೆಲದಿಂದ ತಲೆಯೆತ್ತರಕ್ಕೂ ಮಿಕ್ಕಿ ಬಣ್ಣದಲ್ಲಿ ಬರೆದ ಒಂದು ಹಳ್ಳಿಯ ಮನೆ ನಿಂತಿತ್ತು. ಹುಲ್ಲಿನ ಮಾಡು, ಎದುರಿಗೊಂದು ಕೊಳ, ನೀರು ಕುಡಿಯುವ ಹಸು, ನಟ್ಟನಡುವೆ ಒಂದು ಮರ.

"ಅವರು ಬಿಟ್ಟುಹೋಗಿರೋದು ಅದೊಂದೇ," ಎಂದಳು ದೊಡ್ಡಾಕೆ. "ಅದನ್ನ ಸೀಳೋಕೆ ನನ್ನ ಜೀವ ಇರೋ ತನಕ ಬಿಡಲ್ಲ."

*

ಜಗಳ ಹತ್ತಿದ್ದು ವರ್ಷಗಳ ಹಿಂದೆ, ಒಂದು ಒದ್ದೆ ಹೊದಿಕೆಯಿಂದ. ದೊಡ್ಡಾಕೆ ಒಣಹಾಕಿದ ಹೊದಿಕೆ ಅವಳ ಓರಗಿತ್ತಿ, ಅಂದರೆ ಈ ಮೈದುನನ ಹೆಂಡತಿ, ಚಿಕ್ಕಾಕೆಯ ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಹಾಸಿಗೆ ಒಣಗಿತು, ಜಗಳ ಒಣಗಲಿಲ್ಲ. ಮನೆ ಎರಡು ಪಾಲಾಯಿತು. ಮುಂದಿನ ಮೆಟ್ಟಿಲು ಚಿಕ್ಕಾಕೆಯ ಪಾಲಿಗೆ ಹೋಯಿತು. ದೊಡ್ಡಾಕೆ ಹಟಕ್ಕೆ ಬಿದ್ದು ಹಿತ್ತಲ ಕಡೆಯಿಂದ ಸುರುಳಿ ಮೆಟ್ಟಿಲು ಹಾಕಿಸಿಕೊಂಡಳು. ಉಳಿದದ್ದು ನಡುವಿನ ಜೋಡಿ ಬಾಗಿಲು.

"ಮೊಳೆ ಹೊಡೀರಿ. ಅದು ಬಾಗಿಲು ಅಂತ ನನ್ನ ಕಣ್ಣಿಗೆ ಕಾಣಲೇಬಾರದು," ಎಂದಳು ಗಂಡನಿಗೆ.

ಅವನು ಹೆಂಡತಿಯ ಮಾತು ಮೀರಿದವನಲ್ಲ. ಹಲ್ಲು ಡಾಕ್ಟರರ ಬೋರ್ಡು ಬರೆಯಲು ಹೋದಾಗ ರೋಗಿಗಳು ಕೂರುವ ಕೋಣೆಯಲ್ಲಿ ದೊಡ್ಡದೊಂದು ತೈಲಚಿತ್ರ ಕಂಡಿದ್ದ. ಎಂದೋ ಯಾರೋ ದೊಡ್ಡ ಕಲಾವಿದ ಬರೆದದ್ದರ ನಕಲು. ಅದನ್ನೇ ಬಾಗಿಲ ಮೇಲೆ ಇಳಿಸುವುದೆಂದು ನಿಶ್ಚಯಿಸಿದ. ಆದರೆ ಮತ್ತೆ ಮತ್ತೆ ನೋಡಬೇಕಲ್ಲ? ಕೇಳಲು ನಾಚಿಕೆ. ಹಲ್ಲುನೋವೆಂದು ಕೆನ್ನೆ ಹಿಡಿದುಕೊಂಡು ಹೋಗಿ ಕೂತ. ಕೂತವರನ್ನು ಒಳಗೆ ಕರೆಯುತ್ತಾರೆ, ಒಳಗೆ ಹೋದವರನ್ನು ಸುಮ್ಮನೆ ಕಳಿಸುವುದಿಲ್ಲ. ಹೀಗೆ ಹಸುವಿಗೊಂದು ಹಲ್ಲು ಹೋಯಿತು, ಕೊಳಕ್ಕೊಂದು ಹೋಯಿತು. ಹುಲ್ಲಿನ ಮಾಡು ಬಲು ನಾಜೂಕಿನ ಕೆಲಸ, ಅದಕ್ಕೆ ಎರಡು ದವಡೆ ಹಲ್ಲು ತೆರಬೇಕಾಯಿತು.

ಚಿತ್ರ ಮುಗಿದರೂ ಅವನಿಗೆ ಅದು ಮುಗಿಯಲೇ ಇಲ್ಲ. ಮಧ್ಯಾಹ್ನ ದೊಡ್ಡಾಕೆ ನಿದ್ದೆಯಿಂದೆದ್ದು ಬಂದರೆ ಕುಂಚ ಹಿಡಿದು ಮರದ ಮುಂದೆ ನಿಂತಿರುತ್ತಿದ್ದ.

"ಇನ್ನೂ ಆಗ್ಲಿಲ್ವಾ?"

"ಮರ ಅಲ್ವೇನೆ," ಎನ್ನುತ್ತಿದ್ದ. "ಬೆಳೀತಾ ಇರುತ್ತೆ."

*

ಹಲ್ಲು ಡಾಕ್ಟರರು ಕ್ಲಿನಿಕ್ಕಿನ ಬಿಳಿ ಕೋಟಿನಲ್ಲೇ ಬಂದಾಗ ಹೊತ್ತು ಏರಿತ್ತು. ಪೆಟ್ಟಿಗೆಗೆ ಕೈ ಮುಗಿದು ತಿರುಗಿದವರು ಗೋಡೆ ನೋಡಿ ಬಾಯಿ ಬಿಟ್ಟರು.

"ಇದು ನಮ್ಮ ಕ್ಲಿನಿಕ್ಕಿನ ಚಿತ್ರ ಅಲ್ವೇನಮ್ಮ!"

"ಹೌದು ಸ್ವಾಮಿ. ನಾಲ್ಕು ಹಲ್ಲು ಕೊಟ್ಟು ತಂದಿದ್ದು."

ವಿಷಯ ತಿಳಿದು ಡಾಕ್ಟರರು ತಲೆ ಮೇಲೆ ಕೈ ಇಟ್ಟುಕೊಂಡರು. "ಕೇಳಿದ್ರೆ ಚಿತ್ರಾನೇ ಮನೆಗೆ ಕಳಿಸ್ತಿದ್ದೆನಲ್ಲ! ಹಲ್ಲು ಗಟ್ಟಿಯಾಗಿದೆ ಅಂತ ನಾನಂದ್ರೆ, ಇಲ್ಲ, ಪ್ರಾಣ ಹೋಗ್ತಿದೆ, ಕೀಳಿ ಅಂತ ಅವರೇ ಹಟ ಮಾಡೋರು." ಆಮೇಲೆ ಹತ್ತಿರ ಹೋಗಿ ಕಣ್ಣು ಕಿರಿದಾಗಿಸಿದರು. "ಆದ್ರೆ ನಮ್ಮದರಲ್ಲಿ ಈ ಮರ ಬಡಕಲು, ಕೋಲಿನ ಥರ ಇದೆ. ಇದು ತೊಲೆ ಆಗಿದೆಯಲ್ಲ!" ಮುಟ್ಟಿದ ಬೆರಳನ್ನು ಎತ್ತಿ ನೋಡಿಕೊಂಡರು. ತುದಿಗೆ ಕಂದು ಬಣ್ಣ ಹತ್ತಿತ್ತು. "ಅರೆ, ಇನ್ನೂ ಹಸಿ ಇದೆ."

ಮೊನ್ನೆ ಮಧ್ಯಾಹ್ನವೂ ಗಂಡ ಬಣ್ಣ ಬಳಿದಿದ್ದ, ನಿಜ. ಆದರೆ ಮರಕ್ಕೆ ಮಾತ್ರ ಯಾಕೆ? ದೊಡ್ಡಾಕೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ಮರ ನೋಡುತ್ತಿದ್ದರು, ಮೈದುನ ಒಬ್ಬ ನೆಲ ನೋಡುತ್ತಿದ್ದ.

"ನೀನ್ಯಾಕೋ ನೆಲ ನೋಡ್ತೀಯ?"

ಅವನು ಕಿವಿ ಕೆರೆದುಕೊಂಡ. "ಅಣ್ಣ ಮೊಳೆ ಹೊಡೀಲೇ ಇಲ್ಲ ಅತ್ತಿಗೆ. ಆ ಮೋಟು ಕೊಂಬೆ ಇದೆಯಲ್ಲ, ಅದೇ ಚಿಲಕ. ದಿನಾ ಮಧ್ಯಾಹ್ನ ನೀವು ಮಲಗಿದ ಮೇಲೆ ನಮ್ಮ ಕಡೆ ಟೀಗೆ ಬರ್ತಿದ್ದ. ಬಾಗಿಲು ತೆಗೆದಾಗೆಲ್ಲ ನಡುವೆ ಬಣ್ಣ ಬಿರುಕು ಬಿಡೋದು. ಹೋಗಿ ಮತ್ತೆ ಬಳೀತಿದ್ದ. ಬಳಿದು ಬಳಿದು ಮರ ದಪ್ಪವಾಯ್ತು."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದಲ್ಲ ಇದು. ಮನೆಯೊಡತಿಯ ಕಣ್ಣು ಮುಚ್ಚಿಸಿ ಕುಡಿದದ್ದು! ದೊಡ್ಡಾಕೆಗೆ ಅಳು ಎಲ್ಲಿ ಹೋಯಿತೋ. ಕೊಂಬೆಯನ್ನು ಹಿಡಿದು ಎಳೆದಳು. ಎಣ್ಣೆ ಕುಡಿದ ಚಿಲಕ ಸದ್ದಿಲ್ಲದೆ ಜಾರಿತು. ಎರಡೂ ಅಂಗೈ ಮರಕ್ಕೊತ್ತಿ ನೂಕಿದಳು. ಹಳ್ಳಿಯ ಮನೆ ಎಡಕ್ಕೆ ಸರಿಯಿತು, ಕೊಳ ಬಲಕ್ಕೆ ಸರಿಯಿತು, ನಡುವೆ ಚಿಕ್ಕಾಕೆ ನಿಂತಿದ್ದಳು, ಅತ್ತು ಊದಿದ ಮುಖದಲ್ಲಿ.

"ಏನು ಹಾಕಿ ಕೊಡ್ತಿದ್ದೆಯೇ ಟೀಗೆ?"

"ಎರಡು ಚಮಚ ಸಕ್ಕರೆ."

"ಸಕ್ಕರೆ ಕಾಯಿಲೆಯವರಿಗೆ! ನನ್ನ ಸಪ್ಪೆ ಟೀ ಕುಡಿದು ಅಮೃತ ಅಂತಿದ್ದರಲ್ಲೇ!"

"ನಾನು ಒಂದೇ ಹಾಕಿದ್ರೆ, ನೀನೂ ಅವಳ ಥರ ಆದೆಯಾ ಅನ್ನೋರು ಅಕ್ಕ."

"ಕೊಂದುಬಿಟ್ಯಲ್ಲೇ ನನ್ನ ಗಂಡನ್ನ!"

"ನೀನು ನೆಮ್ಮದಿಯಾಗಿ ಟೀ ಕೊಟ್ಟಿದ್ರೆ ಇಲ್ಲಿಗ್ಯಾಕೆ ಬರೋರು?"

ಪೆಟ್ಟಿಗೆ ಹೊತ್ತವರು ಸಮಯ ಸಿಕ್ಕಿತೆಂದು ಎತ್ತಿಯೇಬಿಟ್ಟರು. ಅರ್ಧಕ್ಕೆ ತಿರುಗಿ ಬರುತ್ತಿದ್ದ ಬಾಗಿಲನ್ನು ಚಿಕ್ಕಾಕೆ ಹಸಿ ಅಂಚಿನಲ್ಲೇ ಹಿಡಿದು ತಡೆದಳು. "ನಿಧಾನ, ಹೊಸ್ತಿಲಿದೆ," ಎಂದು ಓರಗಿತ್ತಿಯರಿಬ್ಬರೂ ಒಟ್ಟಿಗೇ ಅಂದರು, ಮತ್ತೆ ಒಟ್ಟಿಗೇ ಬಾಯಿ ಮುಚ್ಚಿಕೊಂಡರು. ಸೀಳಿದ ಮರದ ನಡುವೆ ಅವನು ಮಲಗಿಕೊಂಡೇ ದಾಟಿಹೋದ.

"ಏನು ಮಾತಾಡ್ತಿದ್ದರು ಇಲ್ಲಿ ಬಂದು?" ದೊಡ್ಡಾಕೆಯ ದನಿ ಇಳಿದಿತ್ತು.

"ಇನ್ನೇನು, ನಿನ್ನ ಮೇಲೆ ದೂರು."

"ಹೂಂ. ನೀನೂ ತಾಳ ಹಾಕ್ತಿದ್ದೆ."

"ಹಾಕಿದ್ರೆ ಅಷ್ಟೇ ಕತೆ! ಹೌದು ಭಾವ, ಅಕ್ಕಂದು ಅತಿ ಆಯ್ತು ಅಂದ್ರೆ ಸಾಕು, ಅರ್ಧ ಟೀ ಬಿಟ್ಟು ಎದ್ದು ಹೋಗೋರು."

ದೊಡ್ಡಾಕೆ ಹೊಸ್ತಿಲು ದಾಟಿದಳು.

ಅಗಲವಾದ ಮೆಟ್ಟಿಲಲ್ಲಿ ಜನ ಒತ್ತಾಗಿ ಇಳಿಯುತ್ತಿದ್ದರು. ದೊಡ್ಡಾಕೆಗೆ ಒಂದು ಮೆಟ್ಟಿಲು ತಪ್ಪಿತು. ಎದುರಿಗೆ ಸಿಕ್ಕ ಬೆನ್ನಿಗೆ ಕೈ ಊರಿದಳು. ಅವಳನ್ನು ಹಿಡಿಯಲು ಬಾಗಿದ ಚಿಕ್ಕಾಕೆ ತಾನೂ ಮುಗ್ಗರಿಸಿ ಅದೇ ಬೆನ್ನಿಗೇ ಊರಿದಳು.

ಬೀದಿಯಲ್ಲಿ ಎಲ್ಲರಿಗಿಂತ ಮುಂದೆ ತಲೆ ತಗ್ಗಿಸಿ ನಡೆಯುತ್ತಿದ್ದವರು ಹಲ್ಲು ಡಾಕ್ಟರರು. ಅವರ ಬಿಳಿ ಕೋಟಿನ ಬೆನ್ನ ಮೇಲೆ ಮರದ ಬಣ್ಣದ ಎರಡು ಅಂಗೈಗಳು, ಒಂದು ದೊಡ್ಡದು, ಒಂದು ಚಿಕ್ಕದು, ಬೆರಳಿಗೆ ಬೆರಳು ತಾಗಿಕೊಂಡು ಅವರ ಜೊತೆ ಹೋಗುತ್ತಿದ್ದವು. ಹಿಂದೆ ಬರುತ್ತಿದ್ದ ಓರಗಿತ್ತಿಯರಿಬ್ಬರೂ ಅದನ್ನು ನೋಡಿದರು. ಒಬ್ಬಳೂ ಡಾಕ್ಟರರಿಗೆ ಹೇಳಲಿಲ್ಲ.