ಬಿದ್ದವನನ್ನು ಎಬ್ಬಿಸುವ ಕೆಲಸ

ಬೇಕಾದರೆ ಬರೆದಿಟ್ಟುಕೊಳ್ಳಿ. ಬದಿಯಡ್ಕದ ಮೈದಾನದಲ್ಲಿ ಆ ಭಾನುವಾರ, ಸಾವಿರ ಜನರ ಎದುರು, ಕಬಡ್ಡಿ ಫೈನಲನ್ನು ನಡುವೆಯೇ ನಿಲ್ಲಿಸಿ ಬೋಜನ ತಲೆ ಉಳಿಸಿದವನು ಲ್ಯಾರಿ ಕ್ರಾಸ್ತ. ಅದೂ ಒಂದೇ ಒಂದು ಮಾತಾಡದೆ. ಫೈಟಿಲ್ಲ, ಸ್ಲೋಮೋಷನ್ನಿಲ್ಲ, ಹಿಂದೆ ಸುಮೋ ಹಾರಲಿಲ್ಲ. ಇಂಥ ಹೀರೋ ನಿಮ್ಮೂರಿನಲ್ಲಿದ್ದರೆ ಕರೆದುಕೊಂಡು ಬನ್ನಿ, ಆಮೇಲೆ ಮಾತಾಡೋಣ.

"ಸಮುದ್ರಕ್ಕೆ ದಾರಿ ಬಿಡಿ ಅಂತ ಯಾರೂ ಬೋರ್ಡ್ ಹಾಕಲ್ಲ ಕಣ್ರೋ! ಅದು ಬರುತ್ತೆ. ದಡವೇ ಹಿಂದೆ ಸರಿಯುತ್ತೆ!"

ಲ್ಯಾರಿ ಮೈಕಿನಲ್ಲಿ ಗುಡುಗಿದ. ಮೈದಾನ ಕುಣಿಯಿತು. ಮ್ಯಾಟಿನ ಮೇಲೆ ಬೋಜ ತೊಡೆ ತಟ್ಟಿ ರೈಡಿಗೆ ಇಳಿದ, ಎದುರು ತಂಡದ ಏಳು ಜನ ನಿಜಕ್ಕೂ ಹಿಂದೆ ಸರಿದರು.

ವಾರದ ಐದು ದಿನ ಲ್ಯಾರಿ ಹೈಯರ್ ಸೆಕೆಂಡರಿಯಲ್ಲಿ ಗೆಸ್ಟ್ ಕನ್ನಡ ಮಾಷ್. ಎಂ.ಎ.ಯಲ್ಲಿ ಎರಡನೆಯ ರ್‍ಯಾಂಕು. ತರಗತಿಯಲ್ಲಿ ಅವನು ಕವಿತೆ ಓದುವಾಗ ಹಿಂದಿನ ಬೆಂಚಿನವರು ಕಿಟಕಿಯಲ್ಲಿ ಬಸ್ಸು ಎಣಿಸುತ್ತಿದ್ದರು. ಭಾನುವಾರ ಕಬಡ್ಡಿ ಕಾಮೆಂಟರಿಗೆ ನಿಂತರೆ ಅದೇ ಗಂಟಲಿಗೆ ಸೀಟಿ ಬೀಳುತ್ತಿತ್ತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಆಫೀಸಿನಲ್ಲಿ ಮಲಯಾಳ. ಮೈಕಿನ ಮುಂದೆ ಮಾತ್ರ ಅವನ ಬಾಯಿಂದ ಬರುತ್ತಿದ್ದದ್ದು ಬೆಂಗಳೂರಿನ ಯಾವುದೋ ಗೋಡೌನಿನಲ್ಲಿ ಖಳನ ಎದುರು ನಿಂತವನ ಕನ್ನಡ. ಡೈಲಾಗುಗಳನ್ನು ಅವನೇ ಕಟ್ಟುತ್ತಿದ್ದ. ಹೇಳುವಾಗ ಮಾತ್ರ ಇನ್ಯಾರೋ ಆಗುತ್ತಿದ್ದ. ಆ ಇನ್ಯಾರೋ ಯಾರೆಂದು ಅವನು ಹೆಚ್ಚು ವಿಚಾರಿಸಿರಲಿಲ್ಲ.

ಆ ದಿನ ಬೆಳಿಗ್ಗೆಯಿಂದ ಮೈದಾನದಲ್ಲಿ ಇನ್ನೊಂದು ಧ್ವನಿ ಇತ್ತು. ಮೈಕಿಲ್ಲದ್ದು.

ಹಿಂದಿನ ವರ್ಷ ಒಬ್ಬ ಆಟಗಾರ ಬಿದಿರಿನ ಬೇಲಿಗೆ ಬಡಿದು ಭುಜದ ಮೂಳೆ ಮುರಿದುಕೊಂಡಿದ್ದ. ಅದಕ್ಕೆಂದು ಕ್ಲಬ್ಬಿನ ಸೆಕ್ರೆಟರಿ ಪ್ರೇಮನಾಥ ಈ ಸಲ ಕುಂಜತ್ತೂರಿನಿಂದ ಫಿಸಿಯೋ ಶ್ರೀರಂಜಿನಿಯನ್ನು ಕರೆಸಿದ್ದ. ಐಸ್ ಪೆಟ್ಟಿಗೆ ಹಿಡಿದು ಮೂಲೆಯಲ್ಲಿ ಕೂತಿರುತ್ತಾಳೆ, ಫೋಟೋಕ್ಕೆ ಚೆಂದ ಎಂದು ಅವನ ಲೆಕ್ಕ. ಅವಳು ಏಳು ಗಂಟೆಗೇ ಬಂದು ಬೇಲಿಯ ಹತ್ತಿರ ನಿಂತಳು.

"ಇದು ಹಿಂದೆ ಹೋಗ್ಬೇಕು."

"ಎಷ್ಟು ಹಿಂದೆ ಡಾಕ್ಟ್ರೇ? ಜನ ಕೂರುದೆಲ್ಲಿ?" ಎಂದ ಪ್ರೇಮನಾಥ.

"ನಾನು ಡಾಕ್ಟ್ರಲ್ಲ, ಫಿಸಿಯೋ. ಬೇಲಿ ನಾಲ್ಕು ಹೆಜ್ಜೆ ಹಿಂದೆ. ನನ್ನ ಹೆಜ್ಜೆ ಅಲ್ಲ, ನಿಮ್ಮದು."

ಬೇಲಿ ಹಿಂದೆ ಹೋಯಿತು. ಆಮೇಲೆ ಅವಳು ಚಪ್ಪಲಿ ಬಿಟ್ಟು ಇಡೀ ಮ್ಯಾಟಿನ ಮೇಲೆ ಬರಿಗಾಲಲ್ಲಿ ನಡೆದಳು. ಎರಡು ತುಂಡು ಸೇರುವ ಕಡೆ ಹೆಬ್ಬೆರಳು ಸಿಕ್ಕಿಕೊಂಡಲ್ಲೆಲ್ಲ ನಿಂತು, ಬಗ್ಗಿ, ಟೇಪು ಅಂಟಿಸಿದಳು. ಹದಿನೇಳು ಕಡೆ. ಆಟಗಾರರನ್ನು ಸಾಲಾಗಿ ನಿಲ್ಲಿಸಿ ಉಗುರು ಕತ್ತರಿಸಿದಳು, ಉಂಗುರ, ಉಡಿದಾರ, ಕೈಬಳೆ ಬಿಚ್ಚಿಸಿದಳು. ಇಪ್ಪತ್ತು ನಿಮಿಷ ಮೈ ಬಿಸಿ ಮಾಡದವನಿಗೆ ಮ್ಯಾಟಿಲ್ಲ ಎಂದಳು.

ಲ್ಯಾರಿ ಮೈಕ್ ಟೆಸ್ಟ್ ಮಾಡುವ ನೆಪದಲ್ಲಿ ಒಂದು ಬಿಟ್ಟ. "ಯುದ್ಧಕ್ಕೆ ಹೊರಟವನ ಉಗುರು ಕತ್ತರಿಸಬಹುದು ಮೇಡಂ, ಉಸಿರು ಕತ್ತರಿಸೋಕಾಗಲ್ಲ!"

ಎಲ್ಲರೂ ನಕ್ಕರು. ಅವಳು ತಲೆ ಎತ್ತಿ ನೋಡಿದಳು, ಮುಂದಿನವನ ಕೈ ಹಿಡಿದಳು. ಅಷ್ಟೆ.

ಲ್ಯಾರಿಗೆ ಅವಮಾನವಾಗಬೇಕಿತ್ತು. ಆದದ್ದು ಬೇರೆ. ಇವಳು "ಹಿಂದೆ" ಎಂದರೆ ಬೇಲಿ ಹಿಂದೆ ಹೋಗುತ್ತದೆ, "ಬಿಚ್ಚು" ಎಂದರೆ ಉಂಗುರ ಬಿಚ್ಚುತ್ತದೆ. ಅವಳ ಮಾತಿಗೆ ಕೈಕಾಲು ಇದ್ದವು. ಅವನು ಇಷ್ಟು ವರ್ಷ ಆಡಿದ್ದರಲ್ಲಿ ಒಂದು ಬಿದಿರಿನ ಗಳವಾದರೂ ಅಲುಗಿತ್ತೇ? ಚಾ ಕುಡಿಯುವಾಗ ಅವಳ ಎದುರು ಹೋಗಿ ಕೂತ.

"ತಮಾಷೆಗೆ ಹೇಳಿದ್ದು, ಬೇಜಾರಾಯ್ತಾ?"

"ಇಲ್ಲ. ನಿಮ್ಮ ಸೌಂಡ್ ಜೋರುಂಟು."

"ಥ್ಯಾಂಕ್ಸ್."

"ಹೊಗಳಿದ್ದಲ್ಲ ಮಾಷೆ. ಅಷ್ಟು ಜೋರಿದ್ರೆ ಪೆಟ್ಟಾದವ ಬೊಬ್ಬೆ ಹೊಡೆದ್ರೆ ನನಗೆ ಕೇಳುದಿಲ್ಲ."

ಪೆಟ್ಟಾದವನು ಬೊಬ್ಬೆ ಹೊಡೆಯಲಿಲ್ಲ. ದ್ವಿತೀಯಾರ್ಧದ ಆರನೆಯ ನಿಮಿಷ. ಬೋಜ ಎದುರಾಳಿಗಳ ಮೂಲೆಗೆ ನುಗ್ಗಿದ. ಒಬ್ಬ ಹಿಮ್ಮಡಿ ಹಿಡಿದ, ಇನ್ನೊಬ್ಬ ಸೊಂಟ. ಮೂರನೆಯವನ ಮೊಣಕಾಲು ಬೋಜನ ಕಿವಿಯ ಮೇಲ್ಭಾಗಕ್ಕೆ ಬಂದು ಕೂತಿತು. ತೆಂಗಿನಕಾಯಿ ಸಿಮೆಂಟಿಗೆ ಬಿದ್ದ ಸದ್ದು. ಬೋಜ ಮಲಗಿದಲ್ಲೇ ಮಲಗಿದ.

ಇಲ್ಲಿ ಒಂದು ಪದ್ಧತಿ ಉಂಟು. ಬಿದ್ದವನನ್ನು ಎಬ್ಬಿಸುವುದು ಮೈಕಿನವನ ಕೆಲಸ. ಅವನು ಬಿದ್ದವನ ಹೆಸರು ಕೂಗುತ್ತಾನೆ, ಜನ ತಾಳಕ್ಕೆ ಕೈ ತಟ್ಟುತ್ತಾರೆ. ಮೊದಲು ನಿಧಾನ, ಆಮೇಲೆ ಜೋರು. ಬಿದ್ದವನು ಏಳುವವರೆಗೆ ತಾಳ ನಿಲ್ಲುವುದಿಲ್ಲ. ಏಳದೆ ಉಳಿದವನನ್ನು ಈವರೆಗೆ ಯಾರೂ ನೋಡಿಲ್ಲ. ಎಷ್ಟೋ ಮಂದಿ ಎದ್ದು ಹೋಗಿ ಮರುದಿನ ಏಳದಿದ್ದದ್ದು ಬೇರೆ ವಿಷಯ.

"ಬಿದ್ದಿರೋದು ಮೈ ಕಣೋ, ಹೆಸರು ಇನ್ನೂ ನಿಂತಿದೆ!" ಎಂದ ಲ್ಯಾರಿ. "ಏಳೋ ಬೋಜ! ನಿನ್ನ ಹೆಸರಿನ ಪಕ್ಕ ಬಂದು ನಿಂತ್ಕೊಳ್ಳೋ!"

ತಾಳ ಶುರುವಾಯಿತು. ಬೋಜ ಒಂದು ಕೈ ಊರಿದ. ಮೈದಾನ ಸಿಡಿಯಿತು. ಬೋಜ ಎದ್ದು ನಿಂತ.

ಮೂರು ವರ್ಷದ ಹಿಂದೆ ಬೋಜ ಲ್ಯಾರಿಯ ವಿದ್ಯಾರ್ಥಿ. ಪರೀಕ್ಷೆಯಲ್ಲಿ ಪದ್ಯದ ಭಾವಾರ್ಥ ಕೇಳಿದರೆ ಲ್ಯಾರಿಯ ಡೈಲಾಗನ್ನೇ ಬರೆದಿಟ್ಟು ಹೋಗಿದ್ದ. ಈಗ ಜೀಪು ಓಡಿಸುತ್ತಿದ್ದ. ರಸ್ತೆಯಲ್ಲಿ ಸಿಕ್ಕಿದರೆ ಜೀಪು ನಿಲ್ಲಿಸಿ ಇಳಿದೇ "ಸಾರ್" ಎನ್ನುತ್ತಿದ್ದ. ಲ್ಯಾರಿಯನ್ನು ಹಾಗೆ ಕರೆಯುವವರು ಊರಲ್ಲಿ ಅವನೊಬ್ಬನೇ.

ಶ್ರೀರಂಜಿನಿ ಓಡಿ ಬಂದು ಬೋಜನ ಎರಡೂ ಕೆನ್ನೆ ಹಿಡಿದಳು.

"ಇದು ಎಷ್ಟನೇ ಹಾಫ್?"

"ಫಸ್ಟ್."

"ಹೋದ ಮ್ಯಾಚ್ ಯಾರೊಟ್ಟಿಗೆ ಆಡಿದ್ದು?"

ಬೋಜ ನಕ್ಕ. "ಮ್ಯಾಚ್ ಉಂಟಾ ಅಕ್ಕ ಇವತ್ತು?"

ಅವಳು ರೆಫರಿಯ ಕಡೆ ಕೈ ಎತ್ತಿದಳು. ಆಡುವವನೇ ಆಡುತ್ತೇನೆ ಎಂದರೆ ತಾನು ಎಂತ ಮಾಡುವುದು, ತಂಡದವರೇ ಹೇಳಲಿ ಎಂದ ರೆಫರಿ. ತಂಡದವರು ಪ್ರೇಮನಾಥನನ್ನು ನೋಡಿದರು. ಪ್ರೇಮನಾಥ ಸ್ಕೋರು ನೋಡಿದ. ಎರಡು ಪಾಯಿಂಟಿನ ಅಂತರ.

"ಒಂದೇ ರೈಡ್ ಡಾಕ್ಟ್ರೇ. ಆಮೇಲೆ ನಿಮಗೇ ಕೊಡ್ತೇವೆ ಅವನನ್ನು."

ಅವಳು ಸೀದಾ ಮೈಕಿನ ಮೇಜಿಗೆ ಬಂದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಮಾತು ಮಾತ್ರ ಬೆಳಗಿನಷ್ಟೇ ಸಮ.

"ಮಾಷೆ, ತಲೆಗೆ ಪೆಟ್ಟು ಬಿದ್ದವ ಮತ್ತೆ ಇವತ್ತು ಆಡ್ಲಿಕ್ಕಿಲ್ಲ. ಇನ್ನೊಂದು ಪೆಟ್ಟು ಬಿದ್ರೆ ಅವನನ್ನು ಎಬ್ಬಿಸ್ಲಿಕ್ಕೆ ನಿಮ್ಮಿಂದಲೂ ಆಗುದಿಲ್ಲ, ನನ್ನಿಂದಲೂ ಆಗುದಿಲ್ಲ. ಎಬ್ಬಿಸಿದ್ದು ನೀವು. ನೀವು ಹೇಳಿದ್ರೆ ಕೂರ್ತಾನೆ."

"ಎಂತ ಹೇಳ್ಬೇಕು?"

"ಬೋಜ, ಕೂತ್ಕೋ. ಅಷ್ಟೇ."

ಲ್ಯಾರಿ ಮೈಕ್ ಎತ್ತಿಕೊಂಡ.

ಎರಡು ನಿಮಿಷದ ಮೇಲೆ ಮೈದಾನದಲ್ಲಿ ಒಂದು ಸೊಲ್ಲೂ ಇರಲಿಲ್ಲ. ಶ್ರೀರಂಜಿನಿ ಮ್ಯಾಟಿನ ನಡುಗೆರೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು, ಬೋಜನನ್ನು ಪಕ್ಕಕ್ಕೆ ಕೂರಿಸಿಕೊಂಡು. ಮೈಕಿನ ಹತ್ತಿರ ಲ್ಯಾರಿ ಬಾಯಿ ಮುಚ್ಚಿ ನಿಂತಿದ್ದ. ಲ್ಯಾರಿ ಸುಮ್ಮನಿರುವುದನ್ನು ಬದಿಯಡ್ಕ ಮೊದಲ ಸಲ ಕೇಳುತ್ತಿತ್ತು. ಜನ ಕೂತರು. ರೆಫರಿ ಉದ್ದಕ್ಕೆ ವಿಸಿಲ್ ಊದಿದ. ಕಾಸರಗೋಡಿನ ಆಸ್ಪತ್ರೆಗೆ ಜೀಪು ಹೊರಟಿತು, ಹಿಂದಿನ ಸೀಟಿನಲ್ಲಿ ಬೋಜನ ತಲೆ ಶ್ರೀರಂಜಿನಿಯ ಎರಡು ಅಂಗೈಗಳ ನಡುವೆ ಇತ್ತು.

ಪ್ರೇಮನಾಥ ಬಂದು ಲ್ಯಾರಿಯ ಕೈ ಕುಲುಕಿದ. "ಮಾಷೆ, ನೀವು ಮೈಕ್ ಬಂದ್ ಮಾಡಿದ್ದಕ್ಕೆ ಆಟ ನಿಂತದ್ದು. ಇಲ್ಲದಿದ್ರೆ ಈ ಜನ ಬಿಡ್ತಿದ್ರಾ? ಎಂಥ ತಲೆ ಮಾರಾಯ್ರೆ ನಿಮ್ಮದು!"

"ಹ್ಞೂಂ," ಎಂದ ಲ್ಯಾರಿ.

ನಾಲ್ಕು ಗಂಟೆಗೆ ಕ್ಲಬ್ಬಿನ ಗ್ರೂಪಿನಲ್ಲಿ ಅವನ ಫೋಟೋ ಬಂತು. 'ಮೌನದಿಂದಲೇ ಆಟ ನಿಲ್ಲಿಸಿದ ಲ್ಯಾರಿ ಮಾಷ್.' ಕೆಳಗೆ ನೂರಾರು ಚಪ್ಪಾಳೆ. ಅವನು ಅದನ್ನು ಮೂರು ಸಲ ಓದಿದ. ಯಾರೋ ಅಪರಿಚಿತನ ಬಗ್ಗೆ ಓದಿದ ಹಾಗಿತ್ತು. ಒಳ್ಳೆಯ ಮನುಷ್ಯ ಅನ್ನಿಸಿತು. ಭೇಟಿಯಾಗಬೇಕು ಅನ್ನಿಸಿತು. ಬೋಜನ ಸ್ಕ್ಯಾನಿಂಗ್ ರಿಪೋರ್ಟು ಏನಾಯಿತೆಂದು ಆ ಗ್ರೂಪಿನಲ್ಲಿ ಯಾರೂ ಬರೆದಿರಲಿಲ್ಲ. ಶ್ರೀರಂಜಿನಿಯ ಹೆಸರೂ ಇರಲಿಲ್ಲ. ಲ್ಯಾರಿ ಅವಳ ನಂಬರು ಒತ್ತಿದ. ಒಂದು ರಿಂಗು ಆಗುವ ಮೊದಲೇ ಕಟ್ ಮಾಡಿದ.

ಇಲ್ಲಿಗೆ ಕಥೆ ನಿಲ್ಲಿಸಿದರೆ ಹೀರೋ ಹೀರೋ ಆಗಿಯೇ ಉಳಿಯುತ್ತಾನೆ, ನಿಮಗೂ ಬಸ್ಸು ಸಿಗುತ್ತದೆ. ಆದರೆ ಆ ಎರಡು ನಿಮಿಷ ಬಾಕಿ ಉಂಟು. ಮೊದಲಲ್ಲಿ ಹೊಡೆದದ್ದು ಬಡಾಯಿ. ನಡೆದದ್ದು ಹೀಗೆ.

ಲ್ಯಾರಿ ಮೈಕ್ ಎತ್ತಿಕೊಂಡ. ಸಾವಿರ ಮುಖಗಳು ಅವನ ಕಡೆ ತಿರುಗಿದವು. ಎರಡು ಶಬ್ದ ಹೇಳಬೇಕಿತ್ತು. ಬಾಯಿ ತೆರೆದ. ಬಂದದ್ದು ಇದು:

"ಗಾಯ ಎಷ್ಟಿದೆ ಅಂತ ಕೇಳ್ಬೇಡ್ರೋ! ಎದುರಿಗೆ ಎಷ್ಟು ಜನ ಉಳಿದಿದ್ದಾರೆ ಅಂತ ಎಣಿಸ್ರೋ!"

ಮೈದಾನ ಎದ್ದು ನಿಂತಿತು. ಬೋಜನೂ ಎದೆ ಉಬ್ಬಿಸಿದ. ತೊಡೆ ತಟ್ಟಿದ. ನಡುಗೆರೆಗೆ ಬಂದ. ಅಲ್ಲಿ ಒಂದು ಗಳಿಗೆ ನಿಂತು ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ತಿರುಗಿ, ಕಬಡ್ಡಿ ಕಬಡ್ಡಿ ಅನ್ನುತ್ತ, ತನ್ನದೇ ತಂಡದ ಮೇಲೆ ರೈಡಿಗೆ ಹೋದ.

ತಂಡದವರು ಏನು ಮಾಡಬೇಕೆಂದು ತಿಳಿಯದೆ ಅವನಿಗೆ ದಾರಿ ಬಿಟ್ಟರು. ಬೋಜ ಒಬ್ಬನ ಭುಜ ಮುಟ್ಟಿದ, ಇನ್ನೊಬ್ಬನ ಮಂಡಿ. ಮುಖದಲ್ಲಿ ಗೆದ್ದವನ ಬೆಳಕು.

ಆಗಲಾದರೂ ಹೇಳಬಹುದಿತ್ತು. ಲ್ಯಾರಿ ಹೇಳಿದ. "ಈ ಹುಲಿಗೆ ಹೊರಗಿನ ಬೇಟೆ ಸಾಲ್ತಿಲ್ಲ ಕಣ್ರೋ! ಮನೆಯವರನ್ನೇ ತಿನ್ನೋಕೆ ಹೊರಟಿದೆ!"

ಮೈದಾನ ಹೊಟ್ಟೆ ಹಿಡಿದು ನಕ್ಕಿತು. ಅಂಥ ನಗು ಲ್ಯಾರಿಗೆ ಯಾವತ್ತೂ ಸಿಕ್ಕಿರಲಿಲ್ಲ. ಬೋಜನೂ ನಕ್ಕ, ಯಾಕೆಂದು ಗೊತ್ತಿಲ್ಲದೆ, ಎಲ್ಲರೂ ನಗುತ್ತಿದ್ದಾರಲ್ಲ ಎಂದು.

ಶ್ರೀರಂಜಿನಿ ನಗಲಿಲ್ಲ. ಚಪ್ಪಲಿ ಬಿಟ್ಟು ಮ್ಯಾಟಿಗೆ ಹತ್ತಿದಳು. ನಡುಗೆರೆಯ ಮೇಲೆ ಕೂತಳು. ಯಾರೋ ಬೊಬ್ಬೆ ಹಾಕಿದ. ಯಾರೋ ನೀರಿನ ಬಾಟಲಿ ಎಸೆದ, ಅದು ಅವಳ ಮಂಡಿಗೆ ತಾಗಿ ಉರುಳಿತು. ಆಮೇಲೆ ಕೈತಾಳ ಶುರುವಾಯಿತು, ಬಿದ್ದವರನ್ನು ಎಬ್ಬಿಸುವ ಅದೇ ತಾಳ. ನಿಧಾನ, ಆಮೇಲೆ ಜೋರು. ಸಾವಿರ ಜನ ಅವಳಿಗೆ ಏಳು ಏಳು ಎನ್ನುತ್ತಿದ್ದರು. ಅವಳು ಏಳಲಿಲ್ಲ. ಬದಿಯಡ್ಕದಲ್ಲಿ ಆ ತಾಳಕ್ಕೆ ಏಳದವಳು ಅವಳೊಬ್ಬಳೇ. ತಾಳವೇ ಸುಸ್ತಾಗಿ ಅಲ್ಲಲ್ಲಿ ಉದುರಿ ನಿಂತಿತು.

ಈಗ ಎಲ್ಲರೂ ಲ್ಯಾರಿಯನ್ನು ನೋಡಿದರು. ಅವನು ಮೈಕನ್ನು ಬಂದ್ ಮಾಡಲಿಲ್ಲ. ಮಾಡಿದ್ದಾನೆಂದು ಜನ ಅಂದುಕೊಂಡರು, ಅಷ್ಟೆ. ಅದು ತುಟಿಯ ಹತ್ತಿರವೇ ಇತ್ತು, ಕೆಂಪು ದೀಪ ಉರಿಯುತ್ತಿತ್ತು. ಅವನು ಆ ಎರಡು ಶಬ್ದ ಹುಡುಕುತ್ತಿದ್ದ. ಮನೆಯ ಕೊಂಕಣಿಯಲ್ಲಿ ಹುಡುಕಿದ, ಪೇಟೆಯ ತುಳುವಿನಲ್ಲಿ, ಎಂ.ಎ. ಮಾಡಿದ ಕನ್ನಡದಲ್ಲಿ. ಯಾರ ದನಿಯಲ್ಲೂ ಅಲ್ಲದ ಒಂದು ಸಾದಾ ವಾಕ್ಯ. ಸಿಗಲಿಲ್ಲ.

ಶ್ರೀರಂಜಿನಿ ಬೋಜನ ಕೈ ಹಿಡಿದು ಕೆಳಗೆ ಎಳೆದಳು. ಅವನು ಅರ್ಧ ಬಗ್ಗಿ ತಡೆದ. "ಸಾರ್ ಹೇಳ್ಲಿ ಅಕ್ಕ," ಎಂದ. ಅವನು ನೋಡುತ್ತಿದ್ದದ್ದು ಮೇಜಿನ ಹತ್ತಿರ ನಿಂತ ಲ್ಯಾರಿಯನ್ನಲ್ಲ, ಎದುರಿನ ಕಂಬಕ್ಕೆ ಕಟ್ಟಿದ ಲೌಡ್‌ಸ್ಪೀಕರಿನ ಹಾರ್ನನ್ನು.

ಅವಳು ಇನ್ನೊಮ್ಮೆ ಎಳೆದಳು. ಬೋಜ ಕೂತ. ಕೂತ ಮೇಲೂ ಕತ್ತು ಎತ್ತಿ ಹಾರ್ನಿನ ಬಾಯನ್ನೇ ನೋಡಿದ. ಅದರಿಂದ ಬರುತ್ತಿದ್ದದ್ದು ಲ್ಯಾರಿಯ ಉಸಿರು, ಬರೀ ಉಸಿರು, ಇಡೀ ಮೈದಾನ ಗಾಳಿಯ ಸದ್ದು ಅಂದುಕೊಳ್ಳುವಷ್ಟು ಮೆಲ್ಲಗೆ. ಹಾರ್ನು ಉಸಿರಾಡುತ್ತಿತ್ತು, ಬೋಜ ಅದಕ್ಕೆ ವಿಧೇಯನಾಗಿ ತಲೆಯಾಡಿಸುತ್ತಿದ್ದ. "ಆಯ್ತು ಸಾರ್. ಆಯ್ತು ಸಾರ್."